ನರ್ಸ್ ಕೆಲಸ ಎಂದರೆ ಇಂಜೆಕ್ಷನ್ ಕೊಡುವುದು ಅಷ್ಟೇನಾ? ವಾರ್ಡಿನ ಒಂದು ಪಾಳಿಯಲ್ಲಿ ನಿಜಕ್ಕೂ ಏನೇನು ನಡೆಯುತ್ತದೆ

ರಾತ್ರಿ ಎರಡು ಗಂಟೆ. ಜನರಲ್ ವಾರ್ಡಿನಲ್ಲಿ ನಿಮ್ಮ ತಂದೆ ಮಲಗಿದ್ದಾರೆ. ಸ್ಟ್ಯಾಂಡಿಗೆ ನೇತುಹಾಕಿದ ಗ್ಲೂಕೋಸ್ ಬಾಟಲಿ ಖಾಲಿಯಾಗುತ್ತಾ ಬಂದಿದೆ. ಬಾಟಲಿ ಮುಗಿದರೆ ಗಾಳಿ ರಕ್ತಕ್ಕೆ ಹೋಗಿ ಜೀವವೇ ಹೋಗುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಓದಿದ್ದು ನಿಮಗೆ ನೆನಪಾಗುತ್ತದೆ. ಓಡಿಹೋಗಿ ನೋಡಿದರೆ ಸಿಸ್ಟರ್ ಮೇಜಿನ ಮುಂದೆ ಕೂತು ಏನೋ ಬರೆಯುತ್ತಿದ್ದಾರೆ. "ಬಂದೆ, ಎರಡು ನಿಮಿಷ" ಎನ್ನುತ್ತಾರೆ. ನಿಮಗೆ ಸಿಟ್ಟು ಬರುತ್ತದೆ. ಇಲ್ಲಿ ಜೀವ ಹೋಗ್ತಿದೆ, ಇವರು ಬರೆಯುತ್ತಾ ಕೂತಿದ್ದಾರಲ್ಲ!

ಆಸ್ಪತ್ರೆಯಲ್ಲಿ ರೋಗಿಯ ಜೊತೆ ಉಳಿದವರಿಗೆಲ್ಲ ಇಂಥ ಅನುಭವ ಆಗಿರುತ್ತದೆ. ನರ್ಸ್‌ಗಳ ಕೆಲಸದ ಬಗ್ಗೆ ಹರಿದಾಡುವ ಮಾತುಗಳೂ ಹೆಚ್ಚಾಗಿ ಇಂಥ ಗಾಬರಿಯಲ್ಲೇ ಹುಟ್ಟುತ್ತವೆ. ಆ ಎರಡು ನಿಮಿಷದಲ್ಲಿ ಸಿಸ್ಟರ್ ಏನು ಬರೆಯುತ್ತಿದ್ದರು? ಬಾಟಲಿ ಮುಗಿದರೆ ನಿಜವಾಗಿ ಏನಾಗುತ್ತದೆ? ನಿಮ್ಮ ಹೆಸರನ್ನು ಹತ್ತು ಸಲ ಕೇಳುವುದೇಕೆ? ಒಂದೊಂದಾಗಿ ನೋಡೋಣ.

ನರ್ಸ್ ಅಂದರೆ ಯಾರು?

ವಾರ್ಡಿನಲ್ಲಿ ಓಡಾಡುವ ಎಲ್ಲರೂ ನರ್ಸ್ ಅಲ್ಲ. ಸ್ಟ್ರೆಚರ್ ತಳ್ಳುವವರು, ಬೆಡ್ ಪ್ಯಾನ್ ಕೊಡುವ ಆಯಾ, ನೆಲ ಒರೆಸುವವರು, ರಕ್ತದ ಸ್ಯಾಂಪಲ್ ಒಯ್ಯುವವರು ಬೇರೆ ಬೇರೆ ಸಿಬ್ಬಂದಿ. ಜಿಎನ್‌ಎಂ ಎಂಬ ಮೂರು ವರ್ಷದ ಡಿಪ್ಲೊಮಾ ಅಥವಾ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಮುಗಿಸಿ, ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದವರೇ ಸ್ಟಾಫ್ ನರ್ಸ್. ಸರ್ಕಾರಿ ಆಸ್ಪತ್ರೆಗಳಲ್ಲಿ ಈಗ ಅವರನ್ನು ಶುಶ್ರೂಷಾಧಿಕಾರಿ ಎಂದು ಕರೆಯುತ್ತಾರೆ. ಗಂಡಸರೂ ಈ ಕೆಲಸದಲ್ಲಿದ್ದಾರೆ. ವಾರ್ಡಿನಲ್ಲಿ ಅವರು "ಬ್ರದರ್".

ಓದುವಾಗ ಅವರು ಶರೀರ ರಚನೆ, ಔಷಧಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಪೌಷ್ಟಿಕತೆ, ಮನೋವಿಜ್ಞಾನ ಎಲ್ಲವನ್ನೂ ಕಲಿತಿರುತ್ತಾರೆ. ರೋಗ ಯಾವುದೆಂದು ಹೇಳಿ ಚಿಕಿತ್ಸೆ ಬರೆಯುವುದು ಡಾಕ್ಟರ್ ಕೆಲಸ. ಆ ಚಿಕಿತ್ಸೆ ಸರಿಯಾಗಿ ರೋಗಿಗೆ ತಲುಪುವಂತೆ ನೋಡುವುದು, ಅದರಿಂದ ರೋಗಿ ಸುಧಾರಿಸುತ್ತಿದ್ದಾನೋ ಹದಗೆಡುತ್ತಿದ್ದಾನೋ ಎಂದು ಇಪ್ಪತ್ನಾಲ್ಕು ಗಂಟೆ ಗಮನಿಸುವುದು ನರ್ಸ್ ಕೆಲಸ. ಡಾಕ್ಟರ್ ರೌಂಡ್ಸ್‌ಗೆ ಬಂದು ನಿಮ್ಮ ಹಾಸಿಗೆಯ ಬಳಿ ಕೆಲವು ನಿಮಿಷ ಇರುತ್ತಾರೆ. ಉಳಿದ ಹೊತ್ತೆಲ್ಲ ಕಣ್ಣಿಟ್ಟಿರುವವರು ನರ್ಸ್.

ಪಾಳಿ ಬದಲಾಗುವ ಹೊತ್ತು

ಬೆಳಗಿನ ಪಾಳಿಯ ನರ್ಸ್ ಬಂದ ಕೂಡಲೇ ರೋಗಿಗಳ ಬಳಿ ಓಡುವುದಿಲ್ಲ. ಮೊದಲು ರಾತ್ರಿ ಪಾಳಿಯವರಿಂದ ಜವಾಬ್ದಾರಿ ವಹಿಸಿಕೊಳ್ಳಬೇಕು. ಇದಕ್ಕೆ ಹ್ಯಾಂಡ್‌ಓವರ್ ಎನ್ನುತ್ತಾರೆ. ಹಾಸಿಗೆಯಿಂದ ಹಾಸಿಗೆಗೆ ನಡೆಯುತ್ತಾ ಒಬ್ಬೊಬ್ಬ ರೋಗಿಯ ಬಗ್ಗೆ ಹೇಳುತ್ತಾರೆ. ಯಾಕೆ ದಾಖಲಾಗಿದ್ದಾರೆ, ರಾತ್ರಿ ಜ್ವರ ಬಂತಾ, ಯಾವ ಔಷಧ ಅಲರ್ಜಿ, ಯಾವ ರಿಪೋರ್ಟ್ ಬರಬೇಕು, ಇವತ್ತು ಯಾರಿಗೆ ಆಪರೇಷನ್, ಯಾರು ಬೀಳುವ ಸಾಧ್ಯತೆ ಇದೆ, ಯಾರು ರಾತ್ರಿಯಿಡೀ ಗೊಂದಲದಿಂದ ಮಾತಾಡುತ್ತಿದ್ದರು.

ಆಸ್ಪತ್ರೆಗಳಲ್ಲಿ ತಪ್ಪು ನುಸುಳುವ ಮುಖ್ಯ ಜಾಗಗಳಲ್ಲಿ ಇದೂ ಒಂದು. ಒಂದು ಮಾತು ಬಿಟ್ಟುಹೋದರೆ ಸಾಕು, ಒಂದು ಡೋಸ್ ಎರಡು ಸಲ ಹೋಗಬಹುದು, ಅಥವಾ ಒಂದು ಸಲವೂ ಹೋಗದೆ ಇರಬಹುದು. ಹಾಗಾಗಿ ಇಬ್ಬರು ನರ್ಸ್‌ಗಳು ನಿಂತು ಮಾತಾಡುತ್ತಿದ್ದರೆ ಹರಟೆ ಹೊಡೆಯುತ್ತಿದ್ದಾರೆ ಅಂದುಕೊಳ್ಳಬೇಡಿ. ತುರ್ತು ಇಲ್ಲದಿದ್ದರೆ ಆ ಹದಿನೈದಿಪ್ಪತ್ತು ನಿಮಿಷ ಅವರನ್ನು ತಡೆಯದಿರುವುದು ನಿಮ್ಮ ರೋಗಿಗೇ ಒಳ್ಳೆಯದು.

ಬಿಪಿ ನೋಡಿದ ಮೇಲೂ ಸುಮ್ಮನೆ ನಿಂತಿರುತ್ತಾರಲ್ಲ, ಯಾಕೆ?

ಪ್ರತಿ ಪಾಳಿಯಲ್ಲೂ ಅಳೆಯುವ ಸಂಗತಿಗಳು ಇವು: ದೇಹದ ತಾಪ, ನಾಡಿ, ಉಸಿರಾಟ, ರಕ್ತದೊತ್ತಡ, ರಕ್ತದಲ್ಲಿನ ಆಕ್ಸಿಜನ್, ಜೊತೆಗೆ ನೋವು ಎಷ್ಟಿದೆ ಮತ್ತು ಎಚ್ಚರ ಹೇಗಿದೆ ಎಂಬುದು. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ವಯಸ್ಕರಲ್ಲಿ ನಾಡಿ ನಿಮಿಷಕ್ಕೆ 60ರಿಂದ 100, ಉಸಿರಾಟ 12ರಿಂದ 20, ಆಕ್ಸಿಜನ್ 95ಕ್ಕಿಂತ ಮೇಲೆ ಇರುತ್ತದೆ.

ಇವುಗಳಲ್ಲಿ ಜನ ಗಮನಿಸದೇ ಬಿಡುವುದು ಉಸಿರಾಟ. ಅದನ್ನು ಎಣಿಸಲು ಯಂತ್ರ ಬೇಡ, ಗಡಿಯಾರ ಸಾಕು. ಎದೆ ಏರಿಳಿಯುವುದನ್ನು ಒಂದು ನಿಮಿಷ ಪೂರ್ತಿ ನೋಡಬೇಕು. "ಉಸಿರು ಎಣಿಸ್ತೀನಿ" ಎಂದು ಹೇಳಿದರೆ ರೋಗಿ ತನಗೇ ಗೊತ್ತಿಲ್ಲದೆ ಉಸಿರಾಟ ಬದಲಿಸಿಬಿಡುತ್ತಾನೆ. ಹಾಗಾಗಿ ಅನುಭವಿ ನರ್ಸ್ ನಾಡಿ ಹಿಡಿದಂತೆ ಕೈ ಹಿಡಿದುಕೊಂಡೇ ಎದೆಯ ಕಡೆ ನೋಡುತ್ತಾ ನಿಂತಿರುತ್ತಾರೆ. ಸುಮ್ಮನೆ ನಿಂತಂತೆ ಕಾಣುವ ಆ ಒಂದು ನಿಮಿಷ ಇದು.

ಇದಕ್ಕೇಕೆ ಇಷ್ಟು ಮಹತ್ವ? ಸೋಂಕು ರಕ್ತಕ್ಕೆ ಹರಡುತ್ತಿರುವಾಗ, ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವಾಗ ಬಿಪಿ ಬೀಳುವುದಕ್ಕೂ ಮೊದಲೇ ಎಷ್ಟೋ ಸಲ ಉಸಿರಾಟ ವೇಗವಾಗುತ್ತದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ರೂಪಿಸಿ, 2017ರಲ್ಲಿ ಪರಿಷ್ಕರಿಸಿದ ಮುನ್ನೆಚ್ಚರಿಕೆ ಅಂಕಪಟ್ಟಿಯಲ್ಲಿ ಉಸಿರಾಟ ನಿಮಿಷಕ್ಕೆ 25 ದಾಟಿದರೆ ಅದೊಂದಕ್ಕೇ ಅತಿ ಹೆಚ್ಚಿನ ಮೂರು ಅಂಕ ಕೊಡುತ್ತಾರೆ. ಅಂಕ ಏರಿದಷ್ಟೂ ಡಾಕ್ಟರನ್ನು ಬೇಗ ಕರೆಯಬೇಕು.

ಇನ್ನೊಂದು ಸಣ್ಣ ವಿಷಯ. ಗಾಢ ಬಣ್ಣದ ನೈಲ್ ಪಾಲಿಶ್ ಇದ್ದರೆ, ಬೆರಳು ತಣ್ಣಗಿದ್ದರೆ ಬೆರಳಿಗೆ ಹಾಕುವ ಆಕ್ಸಿಮೀಟರ್ ತಪ್ಪು ಸಂಖ್ಯೆ ತೋರಿಸಬಹುದು. ಪಾಲಿಶ್ ತೆಗೆಯಲು ಹೇಳುವುದು ಅದಕ್ಕೇ.

"ಎಷ್ಟು ಸಲ ಹೆಸರು ಕೇಳ್ತೀರಿ?"

ಎರಡು ದಿನದಿಂದ ಅದೇ ಹಾಸಿಗೆಯಲ್ಲಿದ್ದೀರಿ. ಆದರೂ ಮಾತ್ರೆ ಕೊಡುವ ಮುನ್ನ "ನಿಮ್ಮ ಹೆಸರೇನು?" ಎನ್ನುತ್ತಾರೆ. ಇದು ಮರೆವಲ್ಲ. ಔಷಧ ಕೊಡುವಾಗ ನರ್ಸ್ ಐದು ಸಂಗತಿ ಖಚಿತ ಮಾಡಿಕೊಳ್ಳಬೇಕು: ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ. ಒಂದೇ ವಾರ್ಡಿನಲ್ಲಿ ಇಬ್ಬರು ಮಂಜುನಾಥ್, ಮೂವರು ಲಕ್ಷ್ಮಮ್ಮ ಇರುವುದು ನಮ್ಮಲ್ಲಿ ಮಾಮೂಲು. ಒಬ್ಬರ ಇನ್ಸುಲಿನ್ ಇನ್ನೊಬ್ಬರಿಗೆ ಹೋದರೆ ಶುಗರ್ ಕುಸಿದು ಪ್ರಾಣಕ್ಕೇ ಕುತ್ತು.

"ನೀವು ಮಂಜುನಾಥ್ ಅಲ್ವಾ?" ಎಂದು ಕೇಳಬಾರದು ಎಂದೂ ಕಲಿಸಿರುತ್ತಾರೆ. ನಿದ್ದೆಗಣ್ಣಿನಲ್ಲಿ, ಕಿವಿ ಮಂದವಿದ್ದಾಗ ಯಾರು ಬೇಕಾದರೂ "ಹೂಂ" ಅಂದುಬಿಡುತ್ತಾರೆ. ಹೆಸರನ್ನು ರೋಗಿಯ ಬಾಯಿಂದಲೇ ಹೇಳಿಸಿ ಕೈಪಟ್ಟಿ ಅಥವಾ ಕೇಸ್ ಶೀಟ್ ಜೊತೆ ತಾಳೆ ನೋಡಬೇಕು. ಯಾರಾದರೂ ಹೆಸರು ಕೇಳದೆ ಔಷಧ ಕೊಡಲು ಬಂದರೆ "ಇದು ಯಾವ ಮಾತ್ರೆ, ಯಾರಿಗೆ?" ಎಂದು ನೀವೇ ಕೇಳಿ. ಅದರಲ್ಲಿ ತಪ್ಪೇನೂ ಇಲ್ಲ.

ಡಾಕ್ಟರ್ ಬರೆದ ಪ್ರಮಾಣ ಹೆಚ್ಚೆನಿಸಿದರೆ, ಅಕ್ಷರ ಅರ್ಥವಾಗದಿದ್ದರೆ ನರ್ಸ್ ಔಷಧ ಕೊಡುವುದನ್ನು ತಡೆದು ಡಾಕ್ಟರನ್ನು ವಿಚಾರಿಸಬೇಕು. ಹೇಳಿದ್ದನ್ನು ಕಣ್ಣುಮುಚ್ಚಿ ಮಾಡುವುದು ಅವರ ಕೆಲಸವಲ್ಲ. ಔಷಧ ತಡವಾದಾಗ ಕೆಲವೊಮ್ಮೆ ಹಿಂದೆ ಇಂಥ ಫೋನ್ ಕರೆ ಇರುತ್ತದೆ.

ಡ್ರಿಪ್ ಬಗ್ಗೆ ಮೂರು ತಪ್ಪು ಕಲ್ಪನೆ

ತಪ್ಪು ಕಲ್ಪನೆ 1: ಬಾಟಲಿ ಖಾಲಿಯಾದರೆ ಗಾಳಿ ಒಳಗೆ ಹೋಗಿ ರೋಗಿ ಸಾಯುತ್ತಾನೆ.

ವಾಸ್ತವ: ಬಾಟಲಿಯನ್ನು ಎತ್ತರದಲ್ಲಿ ತೂಗುಹಾಕುವುದರಿಂದ ದ್ರವ ತನ್ನ ಭಾರಕ್ಕೆ ಕೆಳಗೆ ಹರಿಯುತ್ತದೆ. ರಕ್ತನಾಳದೊಳಗೂ ಸ್ವಲ್ಪ ಒತ್ತಡ ಇರುತ್ತದೆ. ಬಾಟಲಿ ಮುಗಿದು ಕೊಳವೆಯಲ್ಲಿನ ದ್ರವದ ಮಟ್ಟ ಇಳಿಯುತ್ತಾ ಬಂದಂತೆ ಎರಡೂ ಒತ್ತಡ ಸಮವಾಗಿ ಹರಿವು ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ನಂತರ ಆಗುವ ತೊಂದರೆ ಎಂದರೆ ರಕ್ತ ಕೊಳವೆಯೊಳಗೆ ಹಿಂದಕ್ಕೆ ಏರಿ ಹೆಪ್ಪುಗಟ್ಟುವುದು. ಆಗ ಕ್ಯಾನುಲಾ ಕಟ್ಟಿಕೊಂಡು ಇನ್ನೊಂದು ಕಡೆ ಚುಚ್ಚಬೇಕಾದೀತು. ಕೈಗೆ ಹಾಕಿದ ಡ್ರಿಪ್‌ನ ಕೊಳವೆಯಲ್ಲಿ ಕಾಣುವ ಒಂದೆರಡು ಸಣ್ಣ ಗುಳ್ಳೆಗಳಿಂದಲೂ ಸಾಮಾನ್ಯವಾಗಿ ಅಪಾಯವಿಲ್ಲ. ಹೆಚ್ಚು ಗಾಳಿ ಒಮ್ಮೆಲೇ ಹೋದರೆ ಅಪಾಯ ಖಂಡಿತ ಇದೆ. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆಯಲ್ಲಂತೂ ಬಹಳ ಎಚ್ಚರ ಬೇಕು. ಅದಕ್ಕೇ ಕೊಳವೆಯ ಗಾಳಿಯನ್ನು ಮೊದಲೇ ಹೊರಹಾಕಿ ಆಮೇಲೆ ಜೋಡಿಸುತ್ತಾರೆ. ಹಾಗಾಗಿ ಬಾಟಲಿ ಮುಗಿಯುತ್ತಾ ಬಂದಾಗ ನರ್ಸ್‌ಗೆ ತಿಳಿಸಿ. ಎದೆ ಒಡೆದುಕೊಂಡು ಓಡಬೇಕಿಲ್ಲ.

ತಪ್ಪು ಕಲ್ಪನೆ 2: ಬೇಗ ಮುಗಿದರೆ ಬೇಗ ಮನೆಗೆ ಹೋಗಬಹುದು, ಚಕ್ರ ಸ್ವಲ್ಪ ತಿರುಗಿಸಿದರೆ ಆಯ್ತು.

ವಾಸ್ತವ: ದಯವಿಟ್ಟು ಮಾಡಬೇಡಿ. ಹನಿಯ ವೇಗವನ್ನು ಲೆಕ್ಕ ಹಾಕಿ ಇಟ್ಟಿರುತ್ತಾರೆ. ಉದಾಹರಣೆಗೆ, 20 ಹನಿಗೆ ಒಂದು ಮಿಲಿಲೀಟರ್ ಬೀಳುವ ಸೆಟ್‌ನಲ್ಲಿ 500 ಮಿಲಿಲೀಟರ್ ನಾಲ್ಕು ಗಂಟೆಯಲ್ಲಿ ಹೋಗಬೇಕಾದರೆ ನಿಮಿಷಕ್ಕೆ ಸುಮಾರು 42 ಹನಿ. ಹೃದಯ ಅಥವಾ ಕಿಡ್ನಿ ತೊಂದರೆ ಇರುವವರಿಗೆ ಅದೇ ದ್ರವ ವೇಗವಾಗಿ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಬಾಟಲಿಯಲ್ಲಿ ಪೊಟ್ಯಾಸಿಯಂ ಬೆರೆಸಿದ್ದರೆ ವೇಗ ಹೆಚ್ಚಾದಾಗ ಹೃದಯವೇ ನಿಂತುಹೋಗಬಹುದು. ನೋಡಲು ಎಲ್ಲ ಬಾಟಲಿಯೂ ನೀರಿನಂತೆಯೇ ಇರುತ್ತದೆ.

ತಪ್ಪು ಕಲ್ಪನೆ 3: ಒಂದು ಬಾಟಲಿ ಗ್ಲೂಕೋಸ್ ಹಾಕಿಸಿದರೆ ಶಕ್ತಿ ಬರುತ್ತದೆ.

ವಾಸ್ತವ: 5 ಶೇಕಡಾ ಗ್ಲೂಕೋಸ್ ಇರುವ 500 ಮಿಲಿಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಅಂದರೆ ಸುಮಾರು ನೂರು ಕ್ಯಾಲರಿ, ಒಂದು ಬಾಳೆಹಣ್ಣಿನಷ್ಟು. ಬಾಯಲ್ಲಿ ತಿನ್ನಲು, ಕುಡಿಯಲು ಆಗುವವರಿಗೆ ಗಂಜಿಯೋ ಇಡ್ಲಿಯೋ ಇದಕ್ಕಿಂತ ಮೇಲು. ಡ್ರಿಪ್ ಬೇಕಾಗುವುದು ವಾಂತಿ ನಿಲ್ಲದಿದ್ದಾಗ, ಬಿಪಿ ಬಿದ್ದಾಗ, ಆಪರೇಷನ್ ಹೊತ್ತಿನಲ್ಲಿ, ಔಷಧವನ್ನು ರಕ್ತನಾಳದ ಮೂಲಕವೇ ಕೊಡಬೇಕಾದಾಗ.

ಆಕ್ಸಿಜನ್ ಹೆಚ್ಚಿಸಿದರೆ ಒಳ್ಳೆಯದಲ್ಲವೇ?

ಯಾವಾಗಲೂ ಅಲ್ಲ. ವರ್ಷಗಟ್ಟಲೆ ಬೀಡಿ ಸಿಗರೇಟು ಅಥವಾ ಸೌದೆ ಒಲೆಯ ಹೊಗೆಯಿಂದ ಶ್ವಾಸಕೋಶ ಹಾಳಾಗಿ ಸಿಒಪಿಡಿ ಎಂಬ ಕಾಯಿಲೆ ಬಂದಿರುವವರಿಗೆ ಆಕ್ಸಿಜನ್ ಮಟ್ಟವನ್ನು ಸಾಮಾನ್ಯವಾಗಿ 88ರಿಂದ 92ರ ನಡುವೆ ಇಡಲು ನೋಡುತ್ತಾರೆ. ಅದಕ್ಕಿಂತ ಹೆಚ್ಚು ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಏರಿ ರೋಗಿ ಮಂಪರಿಗೆ ಜಾರಬಹುದು. "ಅಪ್ಪನಿಗೆ 90 ಇದೆ, ನರ್ಸ್ ಏನೂ ಮಾಡ್ತಿಲ್ಲ" ಎಂದು ಗೋಡೆಯ ಗುಂಡಿ ತಿರುಗಿಸುವ ಮುನ್ನ ಒಂದು ಮಾತು ಕೇಳಿ. ಆ 90 ಬೇಕೆಂದೇ ಇಟ್ಟದ್ದಿರಬಹುದು.

ಮಗ್ಗುಲು ಬದಲಿಸುವುದೂ ಚಿಕಿತ್ಸೆಯೇ

ಪಾರ್ಶ್ವವಾಯು ಆದವರು, ಸೊಂಟ ಮುರಿದವರು ತಾವಾಗಿ ಹೊರಳಲಾರರು. ದೇಹದ ಭಾರ ಒಂದೇ ಕಡೆ ಬಿದ್ದರೆ ಅಲ್ಲಿ ರಕ್ತಸಂಚಾರ ನಿಂತು ಚರ್ಮ ಸಾಯುತ್ತದೆ. ಇದೇ ಬೆಡ್ ಸೋರ್. ಪೃಷ್ಠದ ಮೇಲ್ಭಾಗ, ಹಿಮ್ಮಡಿ, ಸೊಂಟದ ಪಕ್ಕ, ತಲೆಯ ಹಿಂಭಾಗ ಇದು ಆಗುವ ಮುಖ್ಯ ಜಾಗಗಳು. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೆ. ಮೈ ಒರೆಸುವಾಗ ನರ್ಸ್ ಕಣ್ಣು ಚರ್ಮದ ಮೇಲಿರುತ್ತದೆ. ಒತ್ತಿದರೂ ಬಿಳಿಚಿಕೊಳ್ಳದ ಕೆಂಪು ಕಲೆ ಹುಣ್ಣಿನ ಮೊದಲ ಸೂಚನೆ. ಕಪ್ಪು ಚರ್ಮದಲ್ಲಿ ಕೆಂಪು ಕಾಣದಿರಬಹುದು, ಆ ಜಾಗ ಬಿಸಿಯಾಗಿಯೋ ಗಟ್ಟಿಯಾಗಿಯೋ ಇದೆಯೇ ಎಂದು ಮುಟ್ಟಿ ನೋಡಬೇಕು.

ಮನೆಯಲ್ಲಿ ಆರೈಕೆ ಮಾಡುವವರೂ ಇದನ್ನು ನೆನಪಿಡಿ. ಕೆಂಪಾದ ಜಾಗವನ್ನು ಎಣ್ಣೆ ಹಚ್ಚಿ ಜೋರಾಗಿ ತಿಕ್ಕಬಾರದು, ಒಳಗಿನ ಅಂಗಾಂಶಕ್ಕೆ ಇನ್ನಷ್ಟು ಪೆಟ್ಟಾಗುತ್ತದೆ. ಗಾಳಿ ತುಂಬಿದ ಉಂಗುರದಂಥ ದಿಂಬನ್ನೂ ಈಗ ತಜ್ಞರು ಬೇಡವೆನ್ನುತ್ತಾರೆ. ಉಂಗುರದ ಅಂಚು ಒತ್ತಿ ರಕ್ತಸಂಚಾರ ಇನ್ನೂ ಕಡಿಮೆಯಾಗುತ್ತದೆ.

ಮೂತ್ರದ ಲೆಕ್ಕ, ರಕ್ತದ ಕಾವಲು

"ಮೂತ್ರ ಚೆಲ್ಲಬೇಡಿ, ಅಳೆಯಬೇಕು" ಎಂದರೆ ಮುಜುಗರವಾಗುತ್ತದೆ. ಆದರೆ ಕಿಡ್ನಿಗೆ ರಕ್ತ ಸರಿಯಾಗಿ ಹೋಗುತ್ತಿದೆಯೇ ಎಂದು ತಿಳಿಯಲು ಇದಕ್ಕಿಂತ ಸರಳ ದಾರಿಯಿಲ್ಲ. 60 ಕಿಲೋ ತೂಕದ ವ್ಯಕ್ತಿಗೆ ಗಂಟೆಗೆ ಕನಿಷ್ಠ 30 ಮಿಲಿಲೀಟರ್ ಬರಬೇಕು. ಅದಕ್ಕಿಂತ ಕಡಿಮೆಯಾಗುತ್ತಾ ಹೋದರೆ ಡಾಕ್ಟರ್‌ಗೆ ತಿಳಿಸಬೇಕು. ಕೊಳವೆ ಹಾಕಿದ್ದರೆ ಮೂತ್ರದ ಚೀಲವನ್ನು ಹಾಸಿಗೆಯ ಮೇಲೆ ಎತ್ತಿಡಬೇಡಿ, ಮೂತ್ರ ಹಿಂದಕ್ಕೆ ಹರಿದು ಸೋಂಕಾಗಬಹುದು. ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗೆ ನೇತಾಡಬೇಕು, ನೆಲಕ್ಕೆ ತಾಗಬಾರದು.

ರಕ್ತ ಏರಿಸುವಾಗಂತೂ ಇಬ್ಬರು ನಿಂತು ಚೀಲದ ಸಂಖ್ಯೆ, ಗುಂಪು, ರೋಗಿಯ ಹೆಸರು ತಾಳೆ ನೋಡುತ್ತಾರೆ. ಮೊದಲ 15 ನಿಮಿಷ ನಿಧಾನವಾಗಿ ಬಿಟ್ಟು ಹತ್ತಿರವೇ ಇರುತ್ತಾರೆ. ಗುಂಪು ತಪ್ಪಿದ್ದರೆ ಅದರ ಲಕ್ಷಣ ಹೆಚ್ಚಾಗಿ ಆ ಹೊತ್ತಿನಲ್ಲೇ ಕಾಣಿಸಿಕೊಳ್ಳುತ್ತದೆ. ಚಳಿ, ನಡುಕ, ಸೊಂಟನೋವು, ಎದೆ ಬಿಗಿತ, ಮೈ ತುರಿಕೆ ಕಂಡರೆ ತಕ್ಷಣ ಕೂಗಿ. ಬಹುಶಃ ನಮ್ಮ ಮೊದಲ ದೃಶ್ಯದ ಸಿಸ್ಟರ್ ಪಕ್ಕದ ಹಾಸಿಗೆಯ ಇಂಥದೇ ಒಂದು ಲೆಕ್ಕ ಬರೆಯುತ್ತಿದ್ದರು.

ಹಾಗಾದರೆ ಇಷ್ಟೊಂದು ಬರೆಯುವುದೇಕೆ?

ಬರೆಯದಿದ್ದರೆ ಮಾಡಿಲ್ಲ ಎಂದೇ ಲೆಕ್ಕ. ರಾತ್ರಿ 2 ಗಂಟೆಗೆ ಕೊಟ್ಟ ನೋವಿನ ಇಂಜೆಕ್ಷನ್ನನ್ನು ಬರೆಯದೆ ಹೋದರೆ ಬೆಳಿಗ್ಗೆ ಬಂದವರು ಮತ್ತೆ ಕೊಡಬಹುದು. ಜ್ವರ, ಬಿಪಿ ಏರಿಳಿತವನ್ನು ಬರೆದಿಟ್ಟರಷ್ಟೇ ಡಾಕ್ಟರ್ ಬಂದಾಗ ಮೂರು ದಿನದ ಚಿತ್ರ ಒಟ್ಟಿಗೆ ಕಾಣುತ್ತದೆ.

ಇದು ಹೊಸತಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ದೀಪ ಹಿಡಿದ ಮಹಿಳೆ ಎಂದಷ್ಟೇ ನಮಗೆ ಗೊತ್ತು. ಆಕೆ ಅಂಕಿಅಂಶ ತಜ್ಞೆಯೂ ಹೌದು. 1854ರಲ್ಲಿ ಕ್ರಿಮಿಯಾ ಯುದ್ಧದ ಸೈನಿಕರ ಆರೈಕೆಗೆ ಹೋದ ಆಕೆ, ಗಾಯಕ್ಕಿಂತ ಹೆಚ್ಚು ಸೈನಿಕರು ತಡೆಯಬಹುದಾದ ರೋಗಗಳಿಂದ ಸಾಯುತ್ತಿದ್ದಾರೆ ಎಂಬುದನ್ನು ಮುಂದೆ ಚಿತ್ರಪಟ ಬರೆದು ತೋರಿಸಿದರು. ಆಕೆಯ ಜನ್ಮದಿನವಾದ ಮೇ 12 ಇಂದು ಅಂತಾರಾಷ್ಟ್ರೀಯ ದಾದಿಯರ ದಿನ.

ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು?

ಕರೆದ ಕೂಡಲೇ ನರ್ಸ್ ಬರದಿರುವುದಕ್ಕೆ ಎಷ್ಟೋ ಸಲ ಕಾರಣ ಅಸಡ್ಡೆಯಲ್ಲ, ಸಂಖ್ಯೆ. ಅಮೆರಿಕದ ಲಿಂಡಾ ಐಕೆನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ವರದಿ ಪ್ರಸಿದ್ಧವಾಗಿದೆ. ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳ ಸಂಖ್ಯೆಗೆ ಇನ್ನೊಬ್ಬರು ಸೇರಿದಾಗ, ಆಪರೇಷನ್ ಆದ ರೋಗಿ ದಾಖಲಾದ 30 ದಿನದೊಳಗೆ ಸಾಯುವ ಸಂಭವ ಶೇಕಡಾ 7ರಷ್ಟು ಏರುವುದು ಅದರಲ್ಲಿ ಕಂಡುಬಂತು. 2014ರಲ್ಲಿ ಯೂರೋಪಿನ ಒಂಬತ್ತು ದೇಶಗಳ ಅಧ್ಯಯನದಲ್ಲೂ ಇದೇ ಅಂಕಿ ಬಂತು. ನರ್ಸ್ ಕೊರತೆ ಬರೀ ಸಿಬ್ಬಂದಿಯ ಅಳಲಲ್ಲ, ಹಾಸಿಗೆಯಲ್ಲಿ ಮಲಗಿರುವವರ ಜೀವದ ಪ್ರಶ್ನೆ.

ಸಿಟ್ಟು ಬಂದಾಗ ಇದು ನೆನಪಿರಲಿ. ದೂರಿದ್ದರೆ ಹೆಡ್ ನರ್ಸ್ ಅಥವಾ ನರ್ಸಿಂಗ್ ಸೂಪರಿಂಟೆಂಡೆಂಟ್ ಬಳಿ ಹೇಳಿ. ಆಸ್ಪತ್ರೆ ಸಿಬ್ಬಂದಿಯ ಮೇಲೆ ಕೈ ಮಾಡುವುದನ್ನು ತಡೆಯಲು ಕರ್ನಾಟಕದಲ್ಲಿ 2009ರಿಂದ ಪ್ರತ್ಯೇಕ ಕಾನೂನು ಇದೆ. ಅದು ನರ್ಸ್‌ಗಳಿಗೂ ಅನ್ವಯಿಸುತ್ತದೆ.

ರೋಗಿಯ ಜೊತೆಗಿರುವ ನೀವು ಮಾಡಬಹುದಾದ್ದು

* ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದ ಎಲ್ಲ ಔಷಧಗಳನ್ನೂ, ನಾಟಿ ಔಷಧವೂ ಸೇರಿ, ದಾಖಲಾಗುವಾಗಲೇ ತೋರಿಸಿ. ತಾವಾಗಿ ಮಾತ್ರೆ ಕೊಡುವುದನ್ನು ನಿಲ್ಲಿಸಿ.
* ಯಾವುದೇ ಔಷಧದ ಅಲರ್ಜಿ ಇದ್ದರೆ ಕೇಳದಿದ್ದರೂ ಹೇಳಿ.
* ಆಪರೇಷನ್ ಮುಂಚೆ "ಏನೂ ಕೊಡಬೇಡಿ" ಎಂದರೆ ಕಾಫಿ, ಬಿಸ್ಕತ್ತು ಕೂಡ ಬೇಡ. ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಗೊತ್ತಿಲ್ಲದೆ ಕೊಟ್ಟಿದ್ದರೆ ಮುಚ್ಚಿಡಬೇಡಿ, ಹೇಳಿಬಿಡಿ.
* ರೋಗಿಯನ್ನು ಮುಟ್ಟುವ ಮುನ್ನ, ಮುಟ್ಟಿದ ಮೇಲೆ ಕೈ ತೊಳೆಯಿರಿ. ನರ್ಸ್ ಮರೆತಂತೆ ಕಂಡರೆ ಮೆಲ್ಲಗೆ ನೆನಪಿಸಿ.
* ವಯಸ್ಸಾದವರನ್ನು ರಾತ್ರಿ ಒಬ್ಬರನ್ನೇ ಶೌಚಾಲಯಕ್ಕೆ ಕಳಿಸಬೇಡಿ. ಹಾಸಿಗೆಯ ಪಕ್ಕದ ಕಂಬಿ ಇಳಿಸಿ ಹೋಗಬೇಡಿ.
* ರಿಪೋರ್ಟ್ ಅರ್ಥ, ಕಾಯಿಲೆ ಯಾವುದು ಎಂಬ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟು ರೌಂಡ್ಸ್‌ನಲ್ಲಿ ಡಾಕ್ಟರನ್ನು ಕೇಳಿ. ನರ್ಸ್ ಅದಕ್ಕೆ ಉತ್ತರಿಸದಿದ್ದರೆ ಮುಚ್ಚಿಡುತ್ತಿದ್ದಾರೆ ಎಂದಲ್ಲ.

ಕಾಯದೆ ಕೂಗಬೇಕಾದ ಲಕ್ಷಣಗಳು

ಏದುಸಿರು, ಎದೆನೋವು, ಮಾತು ತೊದಲುವುದು, ಮುಖ ಒಂದು ಕಡೆ ಸೊಟ್ಟಗಾಗುವುದು, ಎಬ್ಬಿಸಿದರೂ ಏಳದಿರುವುದು, ಇದ್ದಕ್ಕಿದ್ದಂತೆ ಗೊಂದಲದ ಮಾತು, ತಣ್ಣನೆ ಬೆವರು, ನಿಲ್ಲದ ರಕ್ತಸ್ರಾವ. ಇವುಗಳಲ್ಲಿ ಯಾವುದು ಕಂಡರೂ ಸಂಕೋಚ ಬೇಡ, ಹ್ಯಾಂಡ್‌ಓವರ್ ನಡೆಯುತ್ತಿದ್ದರೂ ಸರಿ. "ಅಪ್ಪ ಯಾಕೋ ಎಂದಿನಂತೆ ಇಲ್ಲ" ಎಂಬ ಮಾತೂ ಸಾಕು. ರೋಗಿಯ ಸಹಜ ನಡೆನುಡಿ ನಿಮಗೆ ಗೊತ್ತಿರುವಷ್ಟು ಯಾವ ಯಂತ್ರಕ್ಕೂ ಗೊತ್ತಿಲ್ಲ. ಒಳ್ಳೆಯ ನರ್ಸ್ ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಬಾಟಲಿ ಖಾಲಿಯಾದರೆ ಜೀವ ಹೋಗುತ್ತದೆ ಎಂಬ ಮೆಸೇಜ್ ಇನ್ನೊಮ್ಮೆ ಬಂದರೆ ಮುಂದೆ ಕಳಿಸಬೇಡಿ. ಬದಲಿಗೆ ಈ ಕೊನೆಯ ಲಕ್ಷಣಗಳ ಸಾಲನ್ನು ಕಳಿಸಿ. ನಿಮ್ಮ ಗ್ರೂಪ್‌ನಲ್ಲಿ ಯಾರಾದರೊಬ್ಬರು ಇವತ್ತು ರಾತ್ರಿ ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಎಚ್ಚರವಾಗಿ ಕೂತಿರಬಹುದು.